ಹಳೆ ಔಟ್‌ಬೋರ್ಡ್ ಎಂಜಿನ್: ಯಾವ ಪಾರ್ಟ್ ಬದಲಿಸಬೇಕು, ಯಾವುದನ್ನು ಮುಟ್ಟಬಾರದು?

ನಾಲ್ಕು ಜನ ಗೆಳೆಯರು ದುಡ್ಡು ಸೇರಿಸಿ ಒಂದು ಸೆಕೆಂಡ್ ಹ್ಯಾಂಡ್ ಔಟ್‌ಬೋರ್ಡ್ ಎಂಜಿನ್ ತಗೊಳ್ಳುವುದು ಉಳ್ಳಾಲ, ಬೆಂಗ್ರೆ, ಮಲ್ಪೆ, ಗಂಗೊಳ್ಳಿ ಕಡೆ ಹೊಸ ವಿಷಯವೇನಲ್ಲ. ಹೊಸದಕ್ಕೆ ಲಕ್ಷದ ಮೇಲೆ ಹಾಕಬೇಕು. ಹಳೆಯದು ಅರ್ಧ ರೇಟಿಗೋ, ಅದಕ್ಕಿಂತ ಕಡಿಮೆಗೋ ಸಿಗುತ್ತದೆ. ತಲೆಬಿಸಿ ಶುರುವಾಗುವುದು ತಗೊಂಡ ಮೇಲೆ. ಒಬ್ಬರು “ಕಾರ್ಬೊರೇಟರ್ ಹೊಸದು ಹಾಕಿ” ಅಂತಾರೆ, ಇನ್ನೊಬ್ಬರು “ಸಿಡಿಐ ಹೋಗಿದೆ” ಅಂತಾರೆ, ಮೂರನೆಯವರು “ಪೂರ್ತಿ ಬಿಚ್ಚಿ ಓವರ್‌ಹಾಲ್ ಮಾಡಿಸಿ” ಅಂತಾರೆ. ಎಲ್ಲರ ಮಾತು ಕೇಳಿದರೆ ಮೂಗಿಗಿಂತ ಮೂಗುತಿ ಭಾರ. ಯಾರ ಮಾತೂ ಕೇಳದಿದ್ದರೆ ನಡುನೀರಲ್ಲಿ ಎಂಜಿನ್ ನಿಲ್ಲುತ್ತದೆ.

ವ್ಯಾಪಾರದ ಕೆಲಸಕ್ಕೆ ನಾನು ಆಗಾಗ ರಾಯಚೂರು ಕಡೆ ಹೋಗುವುದುಂಟು. ಅಲ್ಲಿಂದ ಗಡಿ ದಾಟಿದರೆ ತೆಲಂಗಾಣದ ಕೆ.ಟಿ. ದೊಡ್ಡಿ, ಗದ್ವಾಲ. ಕೃಷ್ಣೆಯ ಆಚೆ ದಡಕ್ಕೆ ಮಕ್ತಲ್. ಜುರಾಲ ಅಣೆಕಟ್ಟಿನ ಹಿನ್ನೀರು ಇರುವ ಸೀಮೆ ಅದು. ಕೆ.ಟಿ. ದೊಡ್ಡಿಯ ಪರಿಚಯದವರೊಬ್ಬರು ಇತ್ತೀಚೆಗೆ ಕೇಳಿದರು: “ಭಾಯ್, ನಿಮ್ಮ ಕಡೆಯ ಹಳೆ ಎಂಜಿನ್ ತಂದ್ರೆ ಇಲ್ಲಿ ನಡೀತದೇನ್ರಿ? ಮತ್ತ ಎಷ್ಟು ಖರ್ಚು ಬೀಳ್ತದ?” ಕರಾವಳಿಯ ನಮ್ಮ ಹುಡುಗರು ಕೇಳುವುದೂ ಇದೇ ಪ್ರಶ್ನೆ. ನಾನು ಮೆಕ್ಯಾನಿಕ್ ಅಲ್ಲ, ಬಿ.ಕಾಂ. ಮುಗಿಸಿ ಸಣ್ಣ ವ್ಯಾಪಾರ ಮಾಡುವವನು. ಆದರೆ ಯಾವ ಪಾರ್ಟ್ ಮೊದಲು ಬದಲಿಸಬೇಕು ಅನ್ನುವುದು ಅರ್ಧ ಮೆಕ್ಯಾನಿಕ್ ಕೆಲಸವಾದರೆ ಇನ್ನರ್ಧ ಲೆಕ್ಕದ ಕೆಲಸ. ಆ ಲೆಕ್ಕವನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಪ್ರತಿ ಪಾರ್ಟಿಗೂ ಮೂರು ಪ್ರಶ್ನೆ

ಎಂಜಿನ್‌ನ ಯಾವುದೇ ಪಾರ್ಟ್ ಕೈಯಲ್ಲಿ ಹಿಡಿದು ಈ ಮೂರು ಪ್ರಶ್ನೆ ಕೇಳಿಕೊಳ್ಳಿ. ಒಂದು, ಇದು ಕೆಟ್ಟರೆ ದೋಣಿ ನಡುನೀರಲ್ಲಿ ನಿಲ್ಲುತ್ತದಾ? ಎರಡು, ಕೆಡುವ ಮೊದಲು ಏನಾದರೂ ಸೂಚನೆ ಕೊಡುತ್ತದಾ? ಮೂರು, ಇದು ಕೆಡುವಾಗ ಇದಕ್ಕಿಂತ ದುಬಾರಿಯದನ್ನೂ ಜೊತೆಗೆ ಹಾಳು ಮಾಡುತ್ತದಾ?

ದೋಣಿ ನಿಲ್ಲಿಸುವ, ಸೂಚನೆ ಕೊಡದ, ದುಬಾರಿ ಪಾರ್ಟನ್ನು ಹಾಳು ಮಾಡುವ, ಆದರೆ ತಾನು ಅಗ್ಗವಾಗಿರುವ ಪಾರ್ಟ್ ಇದ್ದರೆ ಅದನ್ನು ಪರೀಕ್ಷೆ ಮಾಡುತ್ತಾ ಕೂರಬೇಡಿ. ನೋಡಲು ಚೆನ್ನಾಗಿದ್ದರೂ ಬದಲಿಸಿ. ಸೂಚನೆ ಕೊಡುವ, ದುಬಾರಿ ಪಾರ್ಟಾದರೆ ಮೊದಲು ಪರೀಕ್ಷಿಸಿ, ಕೆಟ್ಟಿದೆ ಅಂತ ಗೊತ್ತಾದರೆ ಮಾತ್ರ ಬದಲಿಸಿ. ದೋಣಿ ನಡೆಸಲು ಸಂಬಂಧವೇ ಇಲ್ಲದ್ದನ್ನು ಮುಟ್ಟಬೇಡಿ. ಇಡೀ ಲೇಖನದ ಸಾರ ಇಷ್ಟೇ. ಉಳಿದದ್ದು ಇದರ ವಿವರ.

ಪಾರ್ಟ್ ತರುವ ಮೊದಲು ಕಂಪ್ರೆಷನ್ ನೋಡಿ

ಹಳೆ ಎಂಜಿನ್‌ಗೆ ಒಂದು ರೂಪಾಯಿ ಹಾಕುವ ಮೊದಲು ಕಂಪ್ರೆಷನ್ ಟೆಸ್ಟ್ ಮಾಡಿಸಿ. ಸಾಧ್ಯವಾದರೆ ಎಂಜಿನ್ ಕೊಳ್ಳುವ ಮೊದಲೇ ಮಾಡಿಸಿ. ಇದಕ್ಕೆ ಬೇಕಾದದ್ದು ಒಂದು ಗೇಜ್, ಹತ್ತು ನಿಮಿಷ. ಎಲ್ಲ ಪ್ಲಗ್ ಬಿಚ್ಚಿ, ಎಂಜಿನ್ ಸ್ಟಾರ್ಟ್ ಆಗದಂತೆ ಸ್ಟಾಪ್ ಸ್ವಿಚ್‌ನ ಕ್ಲಿಪ್ ತೆಗೆದು, ಥ್ರಾಟಲ್ ಪೂರ್ತಿ ತೆರೆದು, ಪ್ಲಗ್ ಜಾಗದಲ್ಲಿ ಗೇಜ್ ಹಾಕಿ ನಾಲ್ಕೈದು ಸಲ ಹಗ್ಗ ಎಳೆಯಬೇಕು. ಮುಳ್ಳು ಎಲ್ಲಿಗೆ ಬಂದು ನಿಂತಿತು ಅಂತ ಬರೆದುಕೊಳ್ಳಿ. ಹೀಗೆ ಪ್ರತಿ ಸಿಲಿಂಡರಿಗೂ ಮಾಡಿ.

ಇಲ್ಲಿ ಒಂದೇ ಅಂಕಿಗೆ ಜೋತು ಬೀಳಬೇಡಿ. ಸೀಮೆಎಣ್ಣೆ ಎಂಜಿನ್‌ಗಳಲ್ಲಿ ಕಂಪ್ರೆಷನ್ ಪೆಟ್ರೋಲ್ ಎಂಜಿನ್‌ಗಿಂತ ಕಡಿಮೆಯೇ ಇರುತ್ತದೆ. ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಮುಖ್ಯ. ಒಂದರಲ್ಲಿ 110, ಇನ್ನೊಂದರಲ್ಲಿ 105 ಬಂದರೆ ಚಿಂತೆಯಿಲ್ಲ. ಒಂದರಲ್ಲಿ 110, ಇನ್ನೊಂದರಲ್ಲಿ 80 ಬಂದರೆ ಅಲ್ಲಿಗೇ ನಿಲ್ಲಿಸಿ. ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ರಿಂಗ್, ಪಿಸ್ಟನ್ ಸವೆದಿರಬಹುದು, ಇಲ್ಲವೇ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಗ್ಯಾಸ್ಕೆಟ್ ಆದರೆ ಸಣ್ಣ ಖರ್ಚಲ್ಲಿ ಮುಗಿಯುತ್ತದೆ. ಪಿಸ್ಟನ್, ಸಿಲಿಂಡರ್ ಆದರೆ ಎಂಜಿನ್‌ನ ಬೆಲೆಯನ್ನೇ ಮತ್ತೊಮ್ಮೆ ಕೊಟ್ಟ ಹಾಗೆ.

ಬಿಚ್ಚಿದ ಪ್ಲಗ್‌ಗಳನ್ನು ಸಾಲಾಗಿ ಇಟ್ಟು ನೋಡಿ. ಎಲ್ಲ ಪ್ಲಗ್ ಒಂದೇ ಥರ ಕಂದು ಬಣ್ಣಕ್ಕೆ ತಿರುಗಿದ್ದರೆ ಒಳ್ಳೆಯದು. ಒಂದು ಮಾತ್ರ ತೊಳೆದಿಟ್ಟ ಹಾಗೆ ಶುಭ್ರವಾಗಿದ್ದರೆ ಆ ಸಿಲಿಂಡರಿಗೆ ನೀರು ಹೋಗುತ್ತಿದೆ ಅಂತ ಅನುಮಾನ ಪಡಬೇಕು.

ಕೊಳ್ಳುವ ಮೊದಲು ಇನ್ನೂ ಎರಡು ವಿಷಯ. ಎಂಜಿನ್‌ನ ಬ್ರಾಕೆಟ್ ಮೇಲೆ ಮಾಡೆಲ್ ಮತ್ತು ಸೀರಿಯಲ್ ನಂಬರಿನ ಪ್ಲೇಟ್ ಇರುತ್ತದೆ. ಅದನ್ನು ಗೀಚಿದ್ದರೆ, ಕಿತ್ತಿದ್ದರೆ ಎಷ್ಟೇ ಅಗ್ಗವಾದರೂ ಬೇಡ. ಪಾರ್ಟ್ ಸಿಗುವುದು ಆ ನಂಬರಿನ ಮೇಲೆ. ನಾಳೆ ಕಳ್ಳಮಾಲು ಅಂತ ಪೊಲೀಸರು ಬಂದರೆ ಉತ್ತರ ಕೊಡಬೇಕಾದವರೂ ನೀವೇ. ಎರಡನೆಯದು, ಆ ಕಂಪನಿ ಈಗಲೂ ಎಂಜಿನ್ ಮಾಡುತ್ತಿದೆಯಾ ಅಂತ ಕೇಳಿ. ಎವಿನ್‌ರೂಡ್, ಜಾನ್ಸನ್ ಒಂದು ಕಾಲದಲ್ಲಿ ಜಗತ್ತಿಗೇ ಗೊತ್ತಿದ್ದ ಹೆಸರು. ಅವನ್ನು ಮಾಡುತ್ತಿದ್ದ ಒಎಂಸಿ ಕಂಪನಿ 2000ದ ಕೊನೆಯಲ್ಲಿ ದಿವಾಳಿಯಾಯಿತು. ಆಮೇಲೆ ಕೈ ಬದಲಾಗಿ ನಡೆದ ಎವಿನ್‌ರೂಡ್ ತಯಾರಿಕೆಯೂ 2020ರಲ್ಲಿ ನಿಂತಿತು. ಅಂಥ ಎಂಜಿನ್ ಚೆನ್ನಾಗಿ ಓಡುತ್ತಿರಬಹುದು, ಆದರೆ ಒಂದು ಸಣ್ಣ ಪಾರ್ಟಿಗೆ ತಿಂಗಳುಗಟ್ಟಲೆ ಕಾಯಬೇಕಾದೀತು. ನಿಮ್ಮ ಊರಿನ ಅಂಗಡಿಯಲ್ಲಿ ಯಾವ ಎಂಜಿನ್‌ನ ಪಾರ್ಟ್ ಸಿಗುತ್ತದೋ ಅದನ್ನೇ ನೋಡಿ.

ನೋಡದೆ ಬದಲಿಸುವಂಥವು

ಮೊದಲನೆಯದು ವಾಟರ್ ಪಂಪ್‌ನ ಇಂಪೆಲ್ಲರ್. ಎಂಜಿನ್‌ನ ಕಾಲಿನೊಳಗೆ ಇರುವ ರಬ್ಬರ್ ಚಕ್ರ ಇದು. ಕೆಳಗಿನಿಂದ ನೀರನ್ನು ಮೇಲೆತ್ತಿ ಎಂಜಿನ್ ತಣ್ಣಗಿಡುತ್ತದೆ. ವರ್ಷಗಟ್ಟಲೆ ಸುಮ್ಮನೆ ಬಿದ್ದಿದ್ದರೆ ಅದರ ರೆಕ್ಕೆಗಳು ಮಡಚಿಕೊಂಡೇ ಗಟ್ಟಿಯಾಗುತ್ತವೆ. ನೀರಿಲ್ಲದೆ ಕೆಲವೇ ಕ್ಷಣ ಓಡಿಸಿದರೂ ಸುಟ್ಟು ಹೋಗಬಹುದು. ಮಾರುವವರು ಅಂಗಳದಲ್ಲಿ ಒಣಗಿದ ಎಂಜಿನ್ ಸ್ಟಾರ್ಟ್ ಮಾಡಿ ತೋರಿಸಿದರೆ ಖುಷಿಪಡಬೇಡಿ, ಇಂಪೆಲ್ಲರ್ ಅಲ್ಲೇ ಹೋಗಿರುವ ಸಾಧ್ಯತೆ ಇದೆ. ಇಂಪೆಲ್ಲರ್ ಕೆಟ್ಟರೆ ಎಂಜಿನ್ ಕಾದು ಪಿಸ್ಟನ್ ಹಿಡಿದುಕೊಳ್ಳುತ್ತದೆ. ಕಡಿಮೆ ಬೆಲೆಯ ರಬ್ಬರಿಗಾಗಿ ಇಡೀ ಎಂಜಿನ್ ಹೋಯಿತು ಅಂತಲೇ ಲೆಕ್ಕ. ಪ್ಲೇಟ್, ಗ್ಯಾಸ್ಕೆಟ್, ಕೀ ಸೇರಿದ ಪೂರ್ತಿ ಕಿಟ್ ತನ್ನಿ. ಹಳೆಯದರಲ್ಲಿ ಒಂದು ರೆಕ್ಕೆ ತುಂಡಾಗಿದ್ದರೆ ಆ ತುಂಡು ಎಲ್ಲಿದೆ ಅಂತ ಹುಡುಕಲೇಬೇಕು. ನೀರು ಹೋಗುವ ದಾರಿಯಲ್ಲಿ ಅದು ಸಿಕ್ಕಿಕೊಂಡರೆ ಹೊಸ ಇಂಪೆಲ್ಲರ್ ಹಾಕಿಯೂ ಪ್ರಯೋಜನವಿಲ್ಲ.

ಎರಡನೆಯದು ಇಂಧನದ ಪೈಪ್, ಕೈಯಿಂದ ಒತ್ತುವ ರಬ್ಬರ್ ಬಲ್ಬ್, ಕನೆಕ್ಟರ್ ಒಳಗಿನ ಸಣ್ಣ ರಿಂಗ್, ಫಿಲ್ಟರ್. ಕನೆಕ್ಟರ್‌ನ ರಿಂಗ್ ಸವೆದರೆ ಗಾಳಿ ಎಳೆಯುತ್ತದೆ. ಎಂಜಿನ್ ಸ್ಟಾರ್ಟ್ ಆಗಿ ಐದು ನಿಮಿಷಕ್ಕೆ ಸಾಯುತ್ತದೆ. ಜನ ಕಾರ್ಬೊರೇಟರ್‌ಗೆ ಬೈಯುತ್ತಾರೆ. ಇನ್ನೊಂದು ಕಾರಣವೂ ಇದೆ. 2025ರಿಂದ ನಮ್ಮ ಬಂಕ್‌ಗಳ ಪೆಟ್ರೋಲ್‌ನಲ್ಲಿ ಶೇ. 20ರಷ್ಟು ಎಥೆನಾಲ್ ಇದೆ. ಹಳೆ ಕಾಲದ ರಬ್ಬರ್ ಎಥೆನಾಲ್‌ಗೆ ಹೊಂದುವುದಿಲ್ಲ, ಮೆತ್ತಗಾಗಿ ಒಳಗಿನಿಂದ ಪುಡಿಯಾಗುತ್ತದೆ. ಎಥೆನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ಹಾಗಾಗಿ ಹಳೆ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದ ಪೆಟ್ರೋಲನ್ನು ಎಂಜಿನ್‌ಗೆ ಹಾಕಲೇಬೇಡಿ. ಪೈಪ್ ತರುವಾಗ ಎಥೆನಾಲ್‌ಗೆ ಆಗುವಂಥದ್ದೇ ಕೊಡಿ ಅಂತ ಕೇಳಿ.

ಮೂರನೆಯದು ಸ್ಪಾರ್ಕ್ ಪ್ಲಗ್. ಮ್ಯಾನುವಲ್‌ನಲ್ಲಿ ಹೇಳಿದ ನಂಬರಿನದೇ ಆಗಬೇಕು. ನಾಲ್ಕನೆಯದು ಸ್ಟಾರ್ಟರ್ ಹಗ್ಗ. ಇದು ತುಂಡಾಗುವುದು ಯಾವಾಗಲೂ ಅಲೆ ಇರುವಾಗಲೇ ಅಂತ ಹಳಬರು ತಮಾಷೆ ಮಾಡುವುದುಂಟು. ಐದನೆಯದು ಗೇರ್ ಆಯಿಲ್ ಮತ್ತು ಅದರ ಸ್ಕ್ರೂಗಳ ವಾಷರ್. ಆರನೆಯದು ಪ್ರೊಪೆಲ್ಲರ್ ಹಿಡಿದಿಡುವ ಪಿನ್. ಸಣ್ಣ ಎಂಜಿನ್‌ಗಳಲ್ಲಿ ಕಲ್ಲಿಗೆ ತಾಗಿದರೆ ತಾನೇ ಮುರಿದು ಗೇರ್ ಉಳಿಸುವ ಶಿಯರ್ ಪಿನ್ ಇರುತ್ತದೆ. ಹೊಸದು ಹಾಕಿ, ಇನ್ನೆರಡು ದೋಣಿಯಲ್ಲೇ ಇಟ್ಟುಕೊಳ್ಳಿ. ಅದರ ಜಾಗದಲ್ಲಿ ಮೊಳೆ ತುರುಕಿದರೆ ಮುಂದಿನ ಸಲ ಮುರಿಯುವುದು ಗೇರ್.

ಫೋರ್ ಸ್ಟ್ರೋಕ್ ಎಂಜಿನ್ ಆದರೆ ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್ ಸೇರಿಸಿ. ಟೈಮಿಂಗ್ ಬೆಲ್ಟ್ ಇರುವ ಮಾಡೆಲ್‌ಗಳಿವೆ. ಅದನ್ನು ಯಾವಾಗ ಬದಲಿಸಿದ್ದು ಅಂತ ಮಾರುವವರಿಗೂ ಗೊತ್ತಿಲ್ಲದಿದ್ದರೆ ಬದಲಿಸುವುದೇ ಜಾಣತನ.

ಪರೀಕ್ಷಿಸಿ ಬದಲಿಸುವಂಥವು

ದುಡ್ಡು ಹೆಚ್ಚು ಪೋಲಾಗುವುದು ಇಲ್ಲಿ. ಸಿಡಿಐ, ಇಗ್ನಿಷನ್ ಕಾಯಿಲ್ ದುಬಾರಿ. ಎಲೆಕ್ಟ್ರಿಕಲ್ ಪಾರ್ಟ್ ಒಮ್ಮೆ ತಗೊಂಡರೆ ಅಂಗಡಿಯವರು ವಾಪಸ್ ತಗೊಳ್ಳುವುದಿಲ್ಲ. ಹಾಗಾಗಿ ಊಹೆಯ ಮೇಲೆ ತರಬೇಡಿ. ಒಂದು ಸಿಲಿಂಡರ್ ಹೊಡೆಯುತ್ತಿಲ್ಲ ಅಂತಾದರೆ, ಎರಡು ಕಾಯಿಲ್ ಬೇರೆ ಬೇರೆ ಇರುವ ಎಂಜಿನ್‌ನಲ್ಲಿ ಅವನ್ನು ಅದಲು ಬದಲು ಮಾಡಿ ನೋಡಿ. ತೊಂದರೆ ಕಾಯಿಲ್ ಜೊತೆ ಆಚೆ ಸಿಲಿಂಡರಿಗೆ ಹೋದರೆ ಕಾಯಿಲ್ ಕೆಟ್ಟಿದೆ. ತೊಂದರೆ ಅಲ್ಲೇ ಉಳಿದರೆ ಕಾರಣ ಬೇರೆ. ಎರಡೂ ಸಿಲಿಂಡರಲ್ಲಿ ಕಿಡಿ ಇಲ್ಲ ಅಂತಾದರೆ ಸಿಡಿಐಗೆ ಕೈ ಹಾಕುವ ಮೊದಲು ಸ್ಟಾಪ್ ಸ್ವಿಚ್, ಅದರ ವಯರ್, ಅರ್ತಿಂಗ್ ಜಾಗದ ತುಕ್ಕು ನೋಡಿ. ಉಪ್ಪುನೀರಿನ ಎಂಜಿನ್‌ನಲ್ಲಿ ಹಸಿರು ಕಟ್ಟಿದ ಒಂದು ವಯರ್ ಸಾಕು ಕಿಡಿ ನಿಲ್ಲಿಸಲು.

ಕಾರ್ಬೊರೇಟರ್ ಹೊಸದು ಬೇಕಾಗುವುದು ಅಪರೂಪ. ಬಿಚ್ಚಿ, ಜೆಟ್ ತೊಳೆದು, ಗ್ಯಾಸ್ಕೆಟ್ ಕಿಟ್ ಹಾಕಿದರೆ ಹೆಚ್ಚಿನವು ಸರಿಯಾಗುತ್ತವೆ. ಅದರ ಜೊತೆಗೆ ಫ್ಯುಯಲ್ ಪಂಪ್‌ನ ಡಯಾಫ್ರಾಂ ಕೂಡ ನೋಡಿ, ಗಟ್ಟಿಯಾಗಿದ್ದರೆ ಬದಲಿಸಿ. ಸೀಮೆಎಣ್ಣೆ ಎಂಜಿನ್ ನಿಲ್ಲಿಸುವ ಮೊದಲು ಸ್ವಲ್ಪ ಹೊತ್ತು ಪೆಟ್ರೋಲ್‌ಗೆ ತಿರುಗಿಸಿ ಓಡಿಸುವ ಅಭ್ಯಾಸ ಇಲ್ಲದಿದ್ದರೆ ಕಾರ್ಬೊರೇಟರ್‌ನಲ್ಲಿ ಸೀಮೆಎಣ್ಣೆಯೇ ಉಳಿದು ಮರುದಿನ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಅದು ಪಾರ್ಟ್‌ನ ದೋಷವಲ್ಲ.

ಗೇರ್ ಬಾಕ್ಸ್ ಬಗ್ಗೆ ಆಯಿಲೇ ಹೇಳುತ್ತದೆ. ಕೆಳಗಿನ ಸ್ಕ್ರೂ ತೆಗೆದು ಒಂದು ಬಟ್ಟಲಿಗೆ ಇಳಿಸಿ. ಹಾಲು ಹಾಕಿದ ಚಹಾದ ಬಣ್ಣ ಬಂದಿದ್ದರೆ ನೀರು ಸೇರಿದೆ, ಸೀಲ್ ಬದಲಿಸಬೇಕು. ಬೆರಳಲ್ಲಿ ಉಜ್ಜಿದಾಗ ನುಣ್ಣಗಿನ ಬೂದಿಯಂಥದ್ದು ಸಿಕ್ಕರೆ ಸಾಮಾನ್ಯ ಸವೆತ. ಕಬ್ಬಿಣದ ಚೂರು ಸಿಕ್ಕರೆ ಗೇರ್ ಹೋಗಿದೆ. ಪ್ರೊಪೆಲ್ಲರ್ ತೆಗೆದು ಶಾಫ್ಟ್ ಸುತ್ತ ಬಲೆಯ ನೂಲು ಸುತ್ತಿಕೊಂಡಿದೆಯಾ ನೋಡಿ. ಮೀನುಗಾರಿಕೆಯ ಎಂಜಿನ್‌ಗಳಲ್ಲಿ ಸೀಲ್ ಕತ್ತರಿಸುವುದು ಈ ನೂಲೇ. ನೂಲು ತೆಗೆಯದೆ ಹೊಸ ಸೀಲ್ ಹಾಕಿದರೆ ಅದೂ ಕೆಲವೇ ದಿನ. ಹೊಸ ಆಯಿಲ್ ತುಂಬುವಾಗ ಕೆಳಗಿನ ತೂತಿನಿಂದ ಒತ್ತಿ, ಮೇಲಿನ ತೂತಿನಿಂದ ಹೊರಗೆ ಬರುವವರೆಗೆ ತುಂಬಿ. ಮೇಲಿನಿಂದ ಸುರಿದರೆ ಒಳಗೆ ಗಾಳಿ ಉಳಿಯುತ್ತದೆ.

ಪ್ರೊಪೆಲ್ಲರ್ ಅಂಚು ಸ್ವಲ್ಪ ತರಚಿದ್ದರೆ ಅರದಿಂದ ಸರಿಮಾಡಿ ಬಳಸಬಹುದು. ಎಂಜಿನ್ ಜೋರಾಗಿ ಕೂಗಿಯೂ ದೋಣಿ ಮುಂದೆ ಹೋಗದಿದ್ದರೆ ಒಳಗಿನ ರಬ್ಬರ್ ಬುಶ್ ಜಾರುತ್ತಿದೆಯಾ ಅಂತ ನೋಡಿ. ಒಳಗಿನ ಬುಶ್‌ಗೂ ಹೊರಗಿನ ಭಾಗಕ್ಕೂ ಸೇರಿಸಿ ಪೇಂಟ್‌ನಿಂದ ಒಂದು ನೇರ ಗೆರೆ ಹಾಕಿ ಓಡಿಸಿ. ಗೆರೆ ತುಂಡಾಗಿ ಆಚೀಚೆ ಸರಿದಿದ್ದರೆ ಬುಶ್ ಹೋಗಿದೆ.

ಕಡಲಿನ ಎಂಜಿನ್ ನದಿಗೆ ಹೋದರೆ

ಈಗ ಕೆ.ಟಿ. ದೊಡ್ಡಿಯವರ ಪ್ರಶ್ನೆಗೆ ಬರೋಣ. ಕರಾವಳಿಯ ಎಂಜಿನ್ ಕೃಷ್ಣೆಯಲ್ಲಿ ನಡೆಯುತ್ತದಾ? ನಡೆಯುತ್ತದೆ, ಆದರೆ ಪಾರ್ಟ್‌ಗಳ ಪಟ್ಟಿ ಸ್ವಲ್ಪ ಬದಲಾಗುತ್ತದೆ.

ಕಡಲಿನ ಎಂಜಿನ್‌ಗೆ ಶತ್ರು ಉಪ್ಪು. ನೀರು ಓಡಾಡುವ ದಾರಿಯಲ್ಲಿ, ಥರ್ಮೋಸ್ಟಾಟ್‌ನಲ್ಲಿ ಉಪ್ಪು ಕಟ್ಟಿರುತ್ತದೆ. ಮೊದಲು ಸಿಹಿನೀರಿನ ಡ್ರಮ್ಮಿನಲ್ಲಿ ಓಡಿಸಿ ತೊಳೆಯಬೇಕು. ಥರ್ಮೋಸ್ಟಾಟನ್ನು ಬಿಸಿನೀರಿನಲ್ಲಿ ಹಾಕಿ ತೆರೆಯುತ್ತದಾ ನೋಡಬೇಕು. ನದಿಯಲ್ಲಿ ಶತ್ರು ಮರಳು ಮತ್ತು ಕೆಸರು. ಅದು ಇಂಪೆಲ್ಲರನ್ನೂ ಅದರ ಪ್ಲೇಟನ್ನೂ ಉಜ್ಜಿ ಸವೆಸುತ್ತದೆ. ನೀರು ಇಳಿದಾಗ ಕಲ್ಲುಬಂಡೆ ಮೇಲೆ ಬರುವ ಜಾಗದಲ್ಲಿ ಪ್ರೊಪೆಲ್ಲರ್, ಪಿನ್ ಬೇಗ ಹೋಗುತ್ತವೆ. ಅಂದರೆ ಕಡಲಲ್ಲಿ ತುಕ್ಕಿಗೆ ಹಾಕುವ ದುಡ್ಡನ್ನು ನದಿಯಲ್ಲಿ ಪಂಪ್ ಮತ್ತು ಪ್ರೊಪೆಲ್ಲರ್‌ಗೆ ಹಾಕಬೇಕು.

ಎಂಜಿನ್‌ನ ಕಾಲಿಗೆ ಅಂಟಿಸಿದ ಬೂದುಬಣ್ಣದ ಲೋಹದ ತುಂಡು ಆನೋಡ್. ತುಕ್ಕನ್ನು ತಾನು ತಿಂದು ಎಂಜಿನ್ ಉಳಿಸುವುದು ಅದರ ಕೆಲಸ. ಅರ್ಧ ಕರಗಿದ್ದರೆ ಬದಲಿಸಿ, ಅದರ ಮೇಲೆ ಪೇಂಟ್ ಹಚ್ಚಬೇಡಿ. ಉಪ್ಪುನೀರಿಗೆ ಹಾಕುವ ಸತುವಿನ ಆನೋಡ್ ಸಿಹಿನೀರಿನಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ನದಿಗೆ ಮೆಗ್ನೀಸಿಯಂನದು ಸೂಕ್ತ.

ಎಂಜಿನ್‌ನ ಕಾಲಿನ ಉದ್ದವನ್ನೂ ಅಳೆಯಿರಿ. ಶಾರ್ಟ್ ಶಾಫ್ಟ್ ಸುಮಾರು 15 ಇಂಚು, ಲಾಂಗ್ ಶಾಫ್ಟ್ ಸುಮಾರು 20 ಇಂಚು. ದೋಣಿಯ ಹಿಂಬದಿ ಹಲಗೆಯ ಎತ್ತರಕ್ಕೆ ಅದು ಹೊಂದಬೇಕು. ಸೀಮೆಎಣ್ಣೆ ಎಂಜಿನ್ ತಗೊಂಡರೆ ಅಲ್ಲಿ ಸೀಮೆಎಣ್ಣೆ ಎಲ್ಲಿಂದ ತರುವುದು ಅಂತ ಮೊದಲೇ ಯೋಚಿಸಿ. ಆ ಸೀಮೆಯಲ್ಲಿ ಹರಿಗೋಲು ಹೆಚ್ಚು. ಗುಂಡಗಿನ ಹರಿಗೋಲಿಗೆ ಹಿಂಬದಿ ಹಲಗೆಯೇ ಇಲ್ಲ, ಅದಕ್ಕೆ ಔಟ್‌ಬೋರ್ಡ್ ಹಾಕುವ ಸಾಹಸ ಬೇಡವೇ ಬೇಡ. 2020ರ ಆಗಸ್ಟ್‌ನಲ್ಲಿ ಕೃಷ್ಣೆ ತುಂಬಿದ್ದಾಗ ಕುರ್ವಕಲಾ ಬಳಿ ಹರಿಗೋಲು ಮಗುಚಿ ಜೀವಗಳೇ ಹೋದವು. ಆ ಹೊಳೆಯಲ್ಲಿ ನಡುವೆ ಕೈಕೊಡುವ ಎಂಜಿನ್ ಅಂದರೆ ಬರೀ ಖರ್ಚಿನ ಮಾತಲ್ಲ.

ಮುಟ್ಟಬಾರದವು, ಮತ್ತು ಎಲ್ಲಿ ನಿಲ್ಲಿಸಬೇಕು

ಪೇಂಟ್, ಸ್ಟಿಕ್ಕರ್, ಬಿರುಕು ಬಿಟ್ಟ ಮೇಲ್ಮುಚ್ಚಳ, ಹ್ಯಾಂಡಲ್‌ನ ಹಿಡಿ ಇವು ಮೊದಲ ವರ್ಷ ಹಾಗೇ ಇರಲಿ. ಕೊಳ್ಳುವಾಗಲಂತೂ ಹೊಸ ಪೇಂಟ್ ಕಂಡರೆ ಅದರ ಕೆಳಗೆ ಏನಿದೆ ಅಂತ ಕೇಳುವ ಅಭ್ಯಾಸ ಬೆಳೆಸಿಕೊಳ್ಳಿ. ಚೆನ್ನಾಗಿ ಓಡುತ್ತಿರುವ ಎಂಜಿನ್‌ನ ಪಿಸ್ಟನ್ ಭಾಗವನ್ನು “ಒಮ್ಮೆ ನೋಡೋಣ” ಅಂತ ಬಿಚ್ಚಿಸಬೇಡಿ. ತುಕ್ಕು ಹಿಡಿದ ಬೋಲ್ಟ್ ಒಳಗೇ ತುಂಡಾದರೆ ಇಲ್ಲದ ಖರ್ಚು ಮೈಮೇಲೆ.

ಡ್ಯೂಪ್ಲಿಕೇಟ್ ಪಾರ್ಟ್ ಹಾಕಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಹಗ್ಗ, ವಾಷರ್, ಪೈಪ್ ಕ್ಲಿಪ್‌ನಂಥದ್ದಕ್ಕೆ ಆಗಬಹುದು. ಇಂಪೆಲ್ಲರ್, ಸೀಲ್, ಹೆಡ್ ಗ್ಯಾಸ್ಕೆಟ್, ಇಗ್ನಿಷನ್‌ಗೆ ಒರಿಜಿನಲ್ ಹಾಕಿ. ಮೇಲಿನ ಮೂರು ಪ್ರಶ್ನೆಯ ಲೆಕ್ಕವೇ ಇಲ್ಲಿಯೂ.

ಇನ್ನು ದುಡ್ಡಿನ ಗಡಿ. ಇದನ್ನು ಎಂಜಿನ್ ಬಿಚ್ಚುವ ಮೊದಲೇ ಹಾಕಿಕೊಳ್ಳಬೇಕು. ಲೆಕ್ಕ ತಿಳಿಯಲು ಒಂದು ಉದಾಹರಣೆ ಹೇಳುತ್ತೇನೆ, ಇದು ಮಾರುಕಟ್ಟೆಯ ರೇಟ್ ಅಲ್ಲ. 40 ಸಾವಿರಕ್ಕೆ ಎಂಜಿನ್ ತಗೊಂಡಿರಿ. ನೋಡದೆ ಬದಲಿಸುವ ಪಾರ್ಟ್‌ಗಳಿಗೆ 8 ಸಾವಿರ ಆಯಿತು. ಅದೇ ಮಾಡೆಲ್ ಒಳ್ಳೆ ಸ್ಥಿತಿಯಲ್ಲಿ, ಟೆಸ್ಟ್ ಮಾಡಿ ತೋರಿಸಿ 65 ಸಾವಿರಕ್ಕೆ ಸಿಗುತ್ತದೆ ಅಂತಿಟ್ಟುಕೊಳ್ಳಿ. ಆಗ ನಿಮ್ಮ ಬಳಿ ಉಳಿದ ಅವಕಾಶ 17 ಸಾವಿರ ಮಾತ್ರ. ಮೆಕ್ಯಾನಿಕ್ 30 ಸಾವಿರದ ಕೆಲಸ ಹೇಳಿದರೆ ಆ ಎಂಜಿನ್ ಬಿಟ್ಟು ಪಾರ್ಟ್‌ಗೆ ಮಾರಿಬಿಡುವುದೇ ಲಾಭ. ಹೆಚ್ಚಿನವರು ಇಲ್ಲಿ “ಇಷ್ಟು ಹಾಕಿಯಾಯಿತಲ್ಲ, ಇನ್ನು ಸ್ವಲ್ಪ ಹಾಕೋಣ” ಅನ್ನುತ್ತಾರೆ. ಹೋದ ದುಡ್ಡು ಹೋಯಿತು. ಮುಂದೆ ಹಾಕುವ ದುಡ್ಡಿಗೆ ಏನು ಸಿಗುತ್ತದೆ ಅನ್ನುವುದೊಂದೇ ಪ್ರಶ್ನೆ. ಪಾಲುದಾರರಿದ್ದರೆ ಈ ಗಡಿಯನ್ನು ಎಲ್ಲರ ಎದುರು ಒಂದು ಕಾಗದದಲ್ಲಿ ಬರೆದಿಡಿ. ಎಂಜಿನ್ ಕೆಟ್ಟರೆ ಸರಿಮಾಡಬಹುದು. ದುಡ್ಡಿನ ವಿಷಯಕ್ಕೆ ಗೆಳೆತನ ಕೆಟ್ಟರೆ ಅದಕ್ಕೆ ಪಾರ್ಟ್ ಸಿಗುವುದಿಲ್ಲ.

ಸಮಯ ನೋಡಿ ಕೆಲಸ ಮಾಡಿಸಿ

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. 10 ಅಶ್ವಶಕ್ತಿಯವರೆಗಿನ ಎಂಜಿನ್ ಇರುವ ನಾಡದೋಣಿಗಳಿಗೆ ವಿನಾಯಿತಿ ಇದೆ. ಅಂದರೆ ನಾಡದೋಣಿಯವರಿಗೆ ನಾಲ್ಕು ಕಾಸು ಸಿಗುವ ಕಾಲ ಅದೇ, ಕಡಲು ಅತಿ ಒರಟಾಗಿರುವ ಕಾಲವೂ ಅದೇ. ಅಳಿವೆ ಬಾಗಿಲಲ್ಲಿ ಅಲೆ ಎದ್ದಾಗ ಎಂಜಿನ್ ನಿಂತರೆ ಹಗ್ಗ ಎಳೆಯಲು ಎರಡನೇ ಅವಕಾಶ ಸಿಗದೇ ಹೋಗಬಹುದು. ಆದ್ದರಿಂದ ಈ ಕೆಲಸವೆಲ್ಲ ಏಪ್ರಿಲ್ ಒಳಗೆ ಮುಗಿಯಬೇಕು. ಮೇ ಕೊನೆಗೆ ಹೋದರೆ ಮೆಕ್ಯಾನಿಕ್ ಕೈಗೆ ಸಿಗುವುದಿಲ್ಲ, ಸಿಕ್ಕರೂ ಅವಸರದ ಕೆಲಸ.

ಪಾರ್ಟ್ ಹಾಕಿದ ಮೇಲೆ ಮೊದಲು ಡ್ರಮ್ಮಿನಲ್ಲಿ ಓಡಿಸಿ. ಎಂಜಿನ್ ಪಕ್ಕದ ಸಣ್ಣ ತೂತಿನಿಂದ ನೀರು ಜೋರಾಗಿ ಬರುತ್ತಿರಬೇಕು. ಆಮೇಲೆ ಒಂದು ವಾರ ದಡದ ಹತ್ತಿರವೇ ಓಡಿಸಿ. ಹೊಸ ಪಾರ್ಟ್ ಹಾಕಿಯಾಯಿತು ಅಂತ ಹುಟ್ಟು, ಲೈಫ್ ಜಾಕೆಟ್ ಮನೆಯಲ್ಲಿ ಬಿಟ್ಟು ಹೋಗಬೇಡಿ. ಎಂಜಿನನ್ನು ದೋಣಿಗೆ ಕಟ್ಟುವ ಸುರಕ್ಷತೆಯ ಹಗ್ಗವೂ ಇರಲಿ, ಕ್ಲಾಂಪ್ ಸಡಿಲವಾಗಿ ಎಂಜಿನ್ ನೀರುಪಾಲಾಗುವುದುಂಟು.

ಕೊನೆಗೆ ಒಂದು ಹತ್ತು ರೂಪಾಯಿಯ ನೋಟ್‌ಬುಕ್ ತನ್ನಿ. ಯಾವ ತಾರೀಕಿಗೆ ಯಾವ ಪಾರ್ಟ್ ಹಾಕಿದ್ದು, ಎಷ್ಟು ಬಿದ್ದದ್ದು, ಕಂಪ್ರೆಷನ್ ಎಷ್ಟಿತ್ತು ಅಂತ ಬರೆದಿಡಿ. ಬಿಲ್ಲುಗಳನ್ನು ಅದರಲ್ಲೇ ಅಂಟಿಸಿ. ಮುಂದಿನ ವರ್ಷ ಏನು ಬದಲಿಸಬೇಕು ಅಂತ ಯಾರನ್ನೂ ಕೇಳಬೇಕಾಗಿಲ್ಲ, ಆ ಪುಸ್ತಕ ಹೇಳುತ್ತದೆ. ಒಂದು ದಿನ ನೀವು ಆ ಎಂಜಿನ್ ಮಾರುವಾಗ, ಹೊಸ ಪೇಂಟ್‌ಗಿಂತ ಆ ಪುಸ್ತಕಕ್ಕೇ ಒಳ್ಳೆ ರೇಟ್ ಸಿಗುತ್ತದೆ. ತಗೊಳ್ಳುವವನಿಗೂ ಮೋಸ ಆಗುವುದಿಲ್ಲ.